ಕಬ್ಬಿಣದ ಕುಕ್ಕೆ

"ತಿನ್ನೇ ಮುಂಡೆ! ಬಾಯಿ ತೆಗಿ. ಇನ್ನೊಂದು ತುತ್ತು. ನುಂಗು. ನುಂಗಿದ್ದು ನನ್ನ ಕಣ್ಣಿಗೆ ಕಾಣ್ಬೇಕು."

ಎಲ್ಡ್ರಿಜ್ ಅಮ್ಮಾವ್ರು ಊಟದ ಮೇಜಿನ ಪಕ್ಕ ನಿಂತು ಅಡುಗೆಯವಳ ಗಂಟಲನ್ನೇ ದಿಟ್ಟಿಸುತ್ತಿದ್ದರು. ಲುಕೇನಿ ನುಂಗಿದಳು. ಹಂದಿಯ ತೊಡೆಮಾಂಸ, ಬೆಣ್ಣೆಯಲ್ಲಿ ಬಾಡಿಸಿದ್ದು. ಈ ಮನೆಗೆ ಬಂದಾಗಿನಿಂದ ಅವಳು ಅದನ್ನು ಮಾಡುತ್ತಲೇ ಇದ್ದಳು. ಅದರ ರುಚಿ ಹೇಗಿರುತ್ತದೆ ಎಂಬುದು ಗೊತ್ತಾದದ್ದು ಮಾತ್ರ ಈ ವಾರ.

ಇಷ್ಟು ಕಾಲ ತಿಂದಾಳೆಂದು ಬೈಸಿಕೊಂಡವಳು ಈಗ ತಿನ್ನಳೆಂದು ಬೈಸಿಕೊಳ್ಳುತ್ತಿದ್ದಳು.

ಅಡುಗೆಮನೆ ದೊಡ್ಡಮನೆಯ ಹಿಂದೆ, ಅಂಗಳದ ಆಚೆಗೆ ಬೇರೆಯಾಗಿತ್ತು. ಅದರ ಬಾಗಿಲ ಪಕ್ಕದ ಮೊಳೆಗೆ ಕಬ್ಬಿಣದ ಕುಕ್ಕೆಯೊಂದು ನೇತಾಡುತ್ತಿತ್ತು. ಕಣದಲ್ಲಿ ತುಳಿಯುವ ಎತ್ತು ಕಾಳಿಗೆ ಬಾಯಿ ಹಾಕದಿರಲೆಂದು ಕಟ್ಟುತ್ತಾರಲ್ಲ, ಅಂಥದ್ದೇ. ಇದು ಮನುಷ್ಯರ ಅಳತೆಯದು. ತುಟಿಗೆ ಅಡ್ಡವಾಗಿ ಒಂದು ತಗಡು, ಮೂಗಿನ ಹತ್ತಿರ ಉಸಿರಿಗೆ ಒಂದು ಸೀಳು, ತಲೆಯ ಹಿಂದೆ ಬೀಗ. ದಣಿ ಎಲ್ಡ್ರಿಜ್ ಚಾರ್ಲ್ಸ್ ಟೌನಿನ ಕಮ್ಮಾರನಿಗೆ ಲುಕೇನಿಯ ಮುಖದ ಅಳತೆ ಕೊಟ್ಟು ಮಾಡಿಸಿದ್ದರು. ಬೆಳಗ್ಗೆ ಒಲೆ ಹಚ್ಚುವ ಮೊದಲು ಅಮ್ಮಾವ್ರು ಬಂದು ಬೀಗ ಹಾಕಿದರೆ, ದೊಡ್ಡಮನೆಯ ಊಟ ಮುಗಿದು ತಟ್ಟೆ ತೊಳೆದಾದ ಮೇಲೆ ತೆಗೆಯುತ್ತಿದ್ದರು. ಉಪ್ಪು ಹಿಡಿದಿದೆಯೋ ಇಲ್ಲವೋ ಎಂಬುದನ್ನು ಲುಕೇನಿ ಹಬೆಯ ವಾಸನೆಯಿಂದ ತಿಳಿಯಬೇಕಿತ್ತು. ಹೆಚ್ಚಾಗಿದ್ದರೆ ಆಮೇಲೆ ಬೆನ್ನಿನ ಮೇಲೆ ತಿಳಿಯುತ್ತಿತ್ತು.

ಆಮೇಲೆ ಸುಗ್ಗಿಯ ಮೊದಲಲ್ಲಿ, ಸ್ಟೋನೋ ಹೊಳೆಯ ಕಡೆ ಗುಲಾಮರು ದಂಗೆ ಎದ್ದರು. ಅಂಗಡಿಯೊಂದನ್ನು ಒಡೆದು ಕೋವಿ ತೆಗೆದುಕೊಂಡು, ಡೋಲು ಬಡಿಯುತ್ತ, ದಕ್ಷಿಣಕ್ಕೆ ಸ್ಪೇನಿನವರ ಸೀಮೆಗೆ ಹೊರಟರು. ಅಲ್ಲಿಗೆ ಮುಟ್ಟಿದವರಿಗೆ ಬಿಡುಗಡೆ ಎಂಬ ಸುದ್ದಿಯಿತ್ತು. ಹಾದಿಯಲ್ಲೊಂದು ಬಯಲು ಸಿಕ್ಕಿತು. ಅಲ್ಲಿ ನಿಂತು ಕುಣಿದರು. ಕುಣಿಯುತ್ತಿದ್ದಂತೆಯೇ ಬಿಳಿಯರ ಕುದುರೆಗಳು ಬಂದು ಮುತ್ತಿದವು. ಲುಕೇನಿಯ ಗಂಡ ಮಟೇಯು ಆ ಗುಂಪಿನಲ್ಲಿದ್ದ. ಈಗ ಅವನು ಪಟ್ಟಣದ ರಸ್ತೆಯ ಮೈಲಿಗಂಬವೊಂದರ ಮೇಲಿದ್ದ. ಪೂರ್ತಿ ಅಲ್ಲ, ತಲೆ ಮಾತ್ರ.

ಅಂದಿನಿಂದ ಸೀಮೆಯ ದಣಿಗಳಿಗೆಲ್ಲ ನಿದ್ದೆ ಹೋಯಿತು. ಡೋಲು ಬಡಿಯಬಾರದೆಂದು ಕಟ್ಟಪ್ಪಣೆಯಾಯಿತು. ಗುಲಾಮರ ಕೇರಿಯಲ್ಲಿದ್ದ ಡೋಲುಗಳನ್ನೆಲ್ಲ ಒಟ್ಟಿ ಸುಟ್ಟರು. ಆದರೂ ಊಟಕ್ಕೆ ಕೂತಾಗ ಎದೆ ಡವಡವ ಎನ್ನುವುದು ನಿಲ್ಲಲಿಲ್ಲ. ಗದ್ದೆಯಲ್ಲಿ ಕುಡುಗೋಲು ಹಿಡಿದ ನೂರಾರು ಜನರಿಗಿಂತ ಒಲೆಯ ಮುಂದೆ ಸೌಟು ಹಿಡಿದ ಒಬ್ಬಳು ದೊಡ್ಡವಳಾಗಿ ಕಂಡಳು. ಅದೂ ತಲೆ ಕಡಿಸಿಕೊಂಡವನ ಹೆಂಡತಿ. ಅವಳನ್ನು ಗದ್ದೆಗೆ ಅಟ್ಟೋಣವೆಂದರೆ ಅಂಥ ಕೈರುಚಿ ಆ ಸೀಮೆಯಲ್ಲಿ ಇನ್ನೊಬ್ಬರಿಗಿಲ್ಲ. ದಣಿಗಳಿಗೆ ಪ್ರಾಣದಷ್ಟೇ ನಾಲಗೆಯೂ ಮುಖ್ಯ. ಹಾಗಾಗಿ ಕುಕ್ಕೆ ಮೊಳೆಗೆ ಹೋಯಿತು. ಬೀಗದಲ್ಲಿ ಕೀಲಿ ಹಾಗೇ ಉಳಿಯಿತು. ಲುಕೇನಿಯ ಬಾಯಿಗೆ ತುತ್ತು ಬಂತು.

"ಏನವ್ವ, ಕೆನ್ನೆ ತುಂಬ್ಕಂಡವೆ," ಎಂದಳು ಕುಂಬಜ್ಜಿ. ಅವಳದು ಅಂಗಳದಲ್ಲಿ ಭತ್ತ ಕುಟ್ಟುವ ಕೆಲಸ. ಮಾತಾಡುವಾಗಲೂ ಒನಕೆ ನಿಲ್ಲುತ್ತಿರಲಿಲ್ಲ.

"ಸಾಯ್ತೀನೇನೋ ಅಂತ ನೋಡಾಕೆ ತಿನ್ನಿಸ್ತಾವ್ರೆ ಅಜ್ಜಿ."

"ನಮ್ಮುನ್ನ ತಿನ್ನಿಸ್ದೆ ಸಾಯಿಸ್ತಾವ್ರೆ. ನಿನ್ನ ತಿನ್ಸಿ ಸಾಯಿಸ್ತಾರೆ. ಪುಣ್ಯವಂತೆ ಕಣೇ ನೀನು. ಬದುಕಿದ್ದಾಗ ಒಂದು ಮೂಳೆ ತಂದುಕೊಡದ ಗಂಡ, ಸತ್ತ ಮೇಲೆ ಹಂದಿ ತೊಡೆ ತಂದುಕೊಟ್ಟ ನೋಡು."

"ಅವನ ಸುದ್ದಿ ಎತ್ತಬ್ಯಾಡ. ಕೋವಿ ಹಿಡ್ದೋನು ನೆಟ್ಟಗೆ ಹೋಗಿದ್ರೆ ಇಷ್ಟೊತ್ತಿಗೆ ಹೊಳೆ ದಾಟಿರ್ತಿದ್ದ. ಕುಣಿಯಾಕೆ ನಿಂತ್ಕಂಡ. ಅವನ ಕುಣಿತಕ್ಕೆ ಬೆಂಕಿ ಬೀಳ!"

ಕುಡಿದ ಕೋತಿಗಳು ಕುಣಿದು ಕೆಟ್ಟವು ಎಂದು ಪಾದ್ರಿ ಹಾಲ್ಕಂಬ್ ಭಾನುವಾರದ ಉಪದೇಶದಲ್ಲಿ ಹೇಳಿದ್ದರು. ಕುಡಿದಿರಲಿಲ್ಲ ಎಂಬುದು ಲುಕೇನಿಗೆ ಗೊತ್ತಿತ್ತು. ಅವಳ ಕಾಂಗೋ ದೇಶದಲ್ಲಿ ಕುಣಿಯದೆ ಯುದ್ಧಕ್ಕೆ ಹೋಗುವವನೇ ಇಲ್ಲ. ಎಡಕ್ಕೆ ಜಿಗಿದು, ಬಲಕ್ಕೆ ಬಾಗಿ, ಬಾರದ ಬಾಣವನ್ನು ತಪ್ಪಿಸಿಕೊಂಡು, ಇಲ್ಲದ ವೈರಿಯನ್ನು ಇರಿದು, ಹಾಗೆ ಕುಣಿದು ಮುಗಿಸಿದ ಮೇಲೇ ಮುಂದಿನ ಹೆಜ್ಜೆ. ಅವಳಪ್ಪನೂ ಹಾಗೆ ಕುಣಿದೇ ಹೋಗಿದ್ದ. ಕುಣಿಯದೆ ಹೊರಟವನನ್ನು ಹೆಂಗಸರು ಬಾಗಿಲಲ್ಲೇ ತಡೆದು ನಗುತ್ತಿದ್ದರು. ಆದರೆ ಅದು ಅಲ್ಲಿಯ ಮಾತು. ಇಲ್ಲಿ ಕೋವಿಯವರು ಕುದುರೆ ಹತ್ತಿ ಬರುತ್ತಾರೆ ಎಂದು ಗೊತ್ತಿದ್ದೂ ಕುಣಿದ ಗಂಡನ ಮೇಲೆ ಅವಳಿಗೆ ಇನ್ನೂ ಸಿಟ್ಟು ಹೋಗಿರಲಿಲ್ಲ. ಸತ್ತವನ ಮೇಲೆ ಅಳುವುದಕ್ಕಿಂತ ಸಿಟ್ಟಾಗುವುದು ಅವಳಿಗೆ ಸುಲಭವಾಗಿತ್ತು.

ಲುಕೇನಿಯ ಔತಣ ಹೆಚ್ಚು ದಿನ ನಡೆಯಲಿಲ್ಲ. ಅದನ್ನು ತಪ್ಪಿಸಿದವರು ಪಾದ್ರಿಗಳೇ. ಒಂದು ಮಧ್ಯಾಹ್ನ ಊಟಕ್ಕೆ ಬಂದವರು, ಅವಳು ಸಾರಿನ ಸೌಟು ಬಾಯಿಗಿಡುವುದನ್ನು ನೋಡಿ ತಲೆ ಕೊಡವಿದರು.

"ಇವ್ಳು ತಿನ್ನೋದ್ರಿಂದ ಏನಮ್ಮ ಬಂತು? ಈ ಜನಕ್ಕೆ ಸಾವಿನ ಭಯ ಇಲ್ಲ. ಸತ್ರೆ ಕಡಲು ದಾಟಿ ತಮ್ಮೂರಿಗೆ ಹೋಗ್ತೀವಿ ಅಂತ ನಂಬ್ಕೊಂಡಿದಾರೆ. ಒಂದು ತುತ್ತಲ್ಲಿ ಊರು ಸಿಗುತ್ತೆ, ಜೊತೆಗೆ ನೀವೂ ಸಾಯ್ತೀರಿ ಅಂದ್ರೆ, ಯಾರು ಬೇಡ ಅಂತಾರೆ?"

ಅಮ್ಮಾವ್ರ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. "ಅಯ್ಯೋ ಸ್ವಾಮಿ! ಇಷ್ಟು ದಿನ ನಾವು..."

"ಇವಳಿಗೊಂದು ಹೆಣ್ಣುಮಗು ಇದೆ ಅಲ್ವ? ಅದಕ್ಕೆ ತಿನ್ಸಿ. ದೇವರು ತಾಯಿ ಎದೇಲಿ ಇಟ್ಟಿರೋ ಪ್ರೀತಿ ಅಂದ್ರೆ ಸಾಮಾನ್ಯ ಅಲ್ಲ. ಹುಲೀನೂ ತನ್ನ ಮರಿಗೆ ವಿಷ ಉಣಿಸಲ್ಲ."

ಲುಕೇನಿ ಸೌಟು ಹಿಡಿದು ನಿಂತೇ ಇದ್ದಳು. ಕೆಲವು ವರ್ಷಗಳ ಕೆಳಗೆ ಅವಳ ಚೊಚ್ಚಲ ಮಗನನ್ನು ಮಾರಿದಾಗ ಇದೇ ಪಾದ್ರಿಗಳು ಇದೇ ಕುರ್ಚಿಯಲ್ಲಿ ಕೂತು, ಅವಳ ಅಳು ಕೇಳಲಾರದೆ ಕಿವಿ ಮುಚ್ಚಿಕೊಂಡಿದ್ದ ಅಮ್ಮಾವ್ರಿಗೆ ಸಮಾಧಾನ ಹೇಳಿದ್ದರು: "ಕರು ಹೋದ್ರೆ ಹಸು ಎರಡು ದಿನ ಕೂಗುತ್ತೆ ಕಣಮ್ಮ, ಆಮೇಲೆ ಮೇವು ತಿನ್ನುತ್ತೆ. ಇವರೂ ಅಷ್ಟೇ." ಅಂದಿನಿಂದ ಇಂದಿಗೆ ದೇವರು ಅವಳ ಎದೆಯಲ್ಲಿ ಯಾವಾಗ ಬಂದು ಪ್ರೀತಿ ಇಟ್ಟುಹೋದನೋ ಅವಳಿಗೆ ತಿಳಿಯಲಿಲ್ಲ.

ಮರುದಿನದಿಂದ ಮಗಳು ಲೆಂಬಾ ಊಟದ ಕೋಣೆಗೆ ಹೋಗತೊಡಗಿದಳು. ಹಾಲುಹಲ್ಲು ಇನ್ನೂ ಬಿದ್ದಿರದ ಹುಡುಗಿ. ದಣಿಯ ಕುರ್ಚಿಯ ಪಕ್ಕದಲ್ಲಿ ಅವಳಿಗೊಂದು ಮೂರುಕಾಲಿನ ಮಣೆ ಹಾಕಿದ್ದರು. ಒಂದೊಂದು ಪಾತ್ರೆಯಿಂದಲೂ ಒಂದೊಂದು ತುತ್ತು ಅವಳ ಬಾಯಿಗೆ. ಆಮೇಲೆ ದಣಿ ಮೇಜಿನ ಮೇಲಿದ್ದ ಮರಳಿನ ಗಡಿಯಾರವನ್ನು ತಲೆಕೆಳಗು ಮಾಡುತ್ತಿದ್ದರು. ಮೇಲಿನ ಗಾಜಿನ ಮರಳು ಕೆಳಗಿಳಿಯುವವರೆಗೆ ಮನೆಯವರೆಲ್ಲ ತಟ್ಟೆಯ ಮುಂದೆ ಕೈಕಟ್ಟಿ ಕೂತು ಮಗುವಿನ ಮುಖ ನೋಡಬೇಕು. ಮಗು ಬದುಕಿದ್ದರೆ ಊಟ.

"ಅವ್ವ, ನಾನು ನುಂಗಿದ್ಮ್ಯಾಲೆ ಎಲ್ರೂ ನನ್ನೇ ನೋಡ್ತಾರೆ. ಯಾಕೆ?"

"ನೀನು ಚೆಂದ ಇದೀಯಲ್ಲ ಕೂಸೇ, ಅದ್ಕೆ."

"ಇವತ್ತು ಬಾತುಕೋಳೀಗೆ ಉಪ್ಪು ಕಮ್ಮಿ ಆಗಿತ್ತು."

"ಆಯ್ತು ನನ್ನವ್ವ. ನಾಳೆ ಹಾಕ್ತೀನಿ."

ಲುಕೇನಿ ಈಗ ಅಡುಗೆ ಮಾಡುತ್ತಿದ್ದದ್ದು ಮಗಳಿಗೆ. ಮೀನಿನ ಕಣ್ಣು ಮಂಕಾಗಿದ್ದರೆ ಎಸೆಯುತ್ತಿದ್ದಳು. ಬೆಂಡೆಕಾಯನ್ನು ಒಂದೊಂದಾಗಿ ಮುರಿದು ನೋಡುತ್ತಿದ್ದಳು. ಪಾತ್ರೆಗೆ ಬೂದಿ ಹಾಕಿ ಉಜ್ಜಿದ್ದನ್ನೇ ಇನ್ನೊಮ್ಮೆ ಉಜ್ಜುತ್ತಿದ್ದಳು. ಎಳ್ಳು ಹುರಿಯುವಾಗ ಮಗಳ ಬಾಯಿ ನೆನೆದು ಸಣ್ಣ ಉರಿ ಇಡುತ್ತಿದ್ದಳು. ಈ ಅಡುಗೆಮನೆಯಿಂದ ಇಷ್ಟು ರುಚಿಯಾದದ್ದು ಎಂದೂ ಬಂದಿರಲಿಲ್ಲವೆಂದು ದಣಿ ಬೆಲ್ಟು ಸಡಿಲಿಸಿಕೊಂಡು ಹೇಳಿದರು. ಅದರ ಕೀರ್ತಿ ಪಾದ್ರಿಗಳಿಗೆ ಹೋಯಿತು.

ಒಂದು ಸಲ ಮಾತ್ರ ಎಡವಟ್ಟಾಯಿತು. ಮೀನಿನ ಮುಳ್ಳು ಸಿಕ್ಕಿ ಲೆಂಬಾ ಕೆಮ್ಮಿದಳು. ಮೇಜಿನ ಸುತ್ತಲಿದ್ದವರೆಲ್ಲ ಕುರ್ಚಿ ಬೀಳಿಸಿಕೊಂಡು ಎದ್ದರು. ಆಳುಗಳನ್ನು ಕಾಯುವ ಮೇಸ್ತ್ರಿ ಅಡುಗೆಮನೆಗೆ ನುಗ್ಗಿ ಲುಕೇನಿಯ ಜಡೆ ಹಿಡಿದು ಅಂಗಳಕ್ಕೆ ಎಳೆದು ತಂದ. ಅವಳ ಕತ್ತಿಗೆ ಹಗ್ಗ ಹಾಕಿ, ಇನ್ನೊಂದು ತುದಿಯನ್ನು ಓಕ್ ಮರದ ಕೊಂಬೆಗೆ ಎಸೆದ. ಒಳಗಿಂದ ಮಗುವಿನ ಕೆಮ್ಮು ಕೇಳುತ್ತಿತ್ತು. ಮಗಳು ಏಕೆ ಕೆಮ್ಮುತ್ತಿದ್ದಾಳೆ ಎಂಬುದು ಹೊರಗಿದ್ದ ತಾಯಿಗೆ ಗೊತ್ತಿರಲಿಲ್ಲ. ಅವಳು ಹಗ್ಗದಲ್ಲೇ ಬಾಗಿಲ ಕಡೆಗೆ ಜಗ್ಗಿದಳು. "ಬೆನ್ನು ಗುದ್ದಿ! ಯಾರಾದ್ರೂ ಅದರ ಬೆನ್ನು ಗುದ್ರೋ, ನಿಮ್ಮ ವಂಶ ಹಾಳಾಗ!" ಎಂದು ಕಿರುಚಿದಳು. ಯಾರೂ ಗುದ್ದಲಿಲ್ಲ. ಮುಳ್ಳು ತಾನಾಗಿಯೇ ಇಳಿಯಿತು. ಕೆಮ್ಮು ನಿಂತಿತು.

"ಆ ಉಪ್ಪಿನಕಾಯಿ ಈ ಕಡೆ ಕೊಡಿ," ಎಂದರು ದಣಿ.

ವಂಶಕ್ಕೆ ಶಾಪ ಹಾಕಿದ್ದಕ್ಕೆ ಸಂಜೆ ಮೇಸ್ತ್ರಿ ಬಾರುಕೋಲು ತಂದ. ಮುಳ್ಳು ತೆಗೆಯದೆ ಮೀನು ಕೊಟ್ಟದ್ದಕ್ಕೆ ಅಮ್ಮಾವ್ರು ಎರಡೇಟು ಹೆಚ್ಚಿಗೆ ಹಾಕಿಸಿದರು.

ಮಗು ಮೈ ತುಂಬಿಕೊಂಡಿತು. ಕೇರಿಯ ಮಕ್ಕಳೆಲ್ಲ ನುಚ್ಚಿನ ಗಂಜಿ ಕುಡಿದು ಕಡ್ಡಿಯಾಗಿದ್ದಾಗ ಲೆಂಬಾಳ ಕೈಕಾಲು ದುಂಡಗಾದವು, ಚರ್ಮ ಮಿರುಗಿತು. ಅದೇ ಮುಳುವಾಯಿತು. ಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ದಣಿಯ ಮಗಳು ಸುಸಾನ ತೌರಿಗೆ ಬಂದವಳು ಅವಳನ್ನು ನೋಡಿ ಕೈ ತಟ್ಟಿದಳು.

"ಅಮ್ಮ, ಎಷ್ಟು ಮುದ್ದಾಗಿದೆ ಇದು! ನಂಗೆ ಕೊಡು. ಅಲ್ಲೂ ಅಡುಗೆಯವರ ಭಯದಲ್ಲಿ ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ. ಇದಕ್ಕೆ ಅಭ್ಯಾಸನೂ ಇದೆ."

ಕೊಟ್ಟರು. ಮಗಳು ಕೇಳಿದ್ದಕ್ಕೆ ಇಲ್ಲವೆನ್ನಲು ಯಾವ ತಾಯಿಗೆ ತಾನೇ ಮನಸ್ಸು ಬರುತ್ತದೆ?

ಲುಕೇನಿ ಅಮ್ಮಾವ್ರ ಕಾಲು ಹಿಡಿದುಕೊಂಡಳು. "ಅಮ್ಮಾವ್ರೆ, ನಿಮ್ಮ ದಮ್ಮಯ್ಯ. ನನ್ನುನ್ನೂ ಜೊತೇಲಿ ಕಳಿಸ್ಬುಡಿ."

"ನಿನ್ನ ಕಳಿಸಿದ್ರೆ ಇಲ್ಲಿ ನಿನ್ನಪ್ಪ ಬಂದು ಬೇಯಿಸ್ತಾನಾ?"

"ಅಲ್ಲಿ ಬೇರೆಯೋರು ಬೇಯಿಸ್ತಾರೆ ಅಮ್ಮಾವ್ರೆ. ಅವ್ರು ಏನಾದ್ರೂ ಹಾಕಿದ್ರೆ... ಅವರಿಗೆ ಇದು ಮಗಳಲ್ಲ."

ಈ ಲೆಕ್ಕ ಅಮ್ಮಾವ್ರಿಗೆ ಹೊಳೆದಿರಲಿಲ್ಲ. ಅವರು ಕಾಲು ಬಿಡಿಸಿಕೊಂಡರು.

"ನಿಂದು ಬಾಯಿ ಜಾಸ್ತಿ ಆಯ್ತು. ಇನ್ಮೇಲೆ ಇಲ್ಲಿ ನೀನೇ ತಿನ್ನೋದು. ನೆನಪಿರ್ಲಿ, ನಿನ್ನ ಮಗಳು ನಮ್ಮ ಮಗಳ ಕೈಲಿದಾಳೆ. ಇಲ್ಲಿ ನಮ್ಮಲ್ಲಿ ಒಬ್ಬರಿಗೆ ಹೊಟ್ಟೆನೋವು ಬಂದ್ರೂ ಅಲ್ಲಿ ಅವಳ ಉಸಿರು ಇರಲ್ಲ. ತಿಳೀತಾ? ಏಳು. ಎರಡು ದಿನ ಅತ್ರೆ ಸರಿಹೋಗುತ್ತೆ."

ಗಾಡಿ ಹೊರಡುವ ಹೊತ್ತಿಗೆ ಲುಕೇನಿ ಬಟ್ಟೆಯ ಚೂರಿನಲ್ಲಿ ಎಳ್ಳುಂಡೆ ಕಟ್ಟಿ ಮಗಳ ಮಡಿಲಿಗಿಟ್ಟಳು. ಯಾರೂ ರುಚಿ ನೋಡಿಲ್ಲದ ಎಳ್ಳುಂಡೆ.

"ಹಾದೀಲಿ ಕಂಬ ಬರ್ತವೆ. ಕಂಬದ ಕಡೆ ನೋಡಬ್ಯಾಡ."

"ಯಾಕವ್ವ?"

"ಬಿಸ್ಲು ಕಣ್ಣಿಗೆ ಹೊಡೀತದೆ. ತಲೆ ಬಗ್ಗಿಸ್ಕಂಡು ಉಂಡೆ ತಿನ್ನು."

ಲೆಂಬಾ ಆಗಲೇ ತಲೆ ಬಗ್ಗಿಸಿ ಉಂಡೆಯ ಗಂಟು ಬಿಚ್ಚತೊಡಗಿದ್ದಳು. ಗಾಡಿ ತಿರುವಿನಲ್ಲಿ ಮರೆಯಾಗುವಾಗಲೂ ತಲೆ ಎತ್ತಲಿಲ್ಲ. ಹೇಳಿದ ಮಾತು ಕೇಳುವ ಮಗು.

ಸ್ಟೋನೋದ ದಂಗೆ ಅಡಗಿ ಒಂದು ವರ್ಷ ತುಂಬಿದ್ದಕ್ಕೆ ದೇವರಿಗೆ ವಂದನೆ ಸಲ್ಲಿಸಿ ಎಲ್ಡ್ರಿಜ್ ದಣಿ ಮಧ್ಯಾಹ್ನದ ಔತಣ ಇಟ್ಟುಕೊಂಡರು. ಲೆಂಬಾಳನ್ನು ಪಟ್ಟಣದಲ್ಲೇ ಬಿಟ್ಟು ಸುಸಾನ ಗಂಡನೊಂದಿಗೆ ಬಂದಳು. ಸುತ್ತಲಿನ ಗದ್ದೆಗಳ ದಣಿಗಳೆಲ್ಲ ಹೆಂಡತಿಯರೊಂದಿಗೆ ಬಂದರು. ತಂತಮ್ಮ ಮನೆಯಲ್ಲಿ ಹೆದರಿ ಅರೆಹೊಟ್ಟೆ ಉಣ್ಣುತ್ತಿದ್ದವರು ಎಲ್ಡ್ರಿಜ್ ಮನೆಯ ಊಟಕ್ಕೆ ಭಯವಿಲ್ಲವೆಂದು ಕೇಳಿ ಹಸಿದುಕೊಂಡೇ ಬಂದಿದ್ದರು.

ಲುಕೇನಿ ನಸುಕಿನಿಂದ ಬೇಯಿಸಿದಳು. ಬಾತುಕೋಳಿ, ಆಮೆಯ ಸಾರು, ಬೆಂಡೆಕಾಯಿ ಹುಳಿ, ಮುತ್ತಿನಂತೆ ಬಿಡಿಬಿಡಿಯಾದ ಅನ್ನ. ಯಾವುದರಲ್ಲೂ ಯಾವುದನ್ನೂ ಹೆಚ್ಚಿಗೆ ಹಾಕಲಿಲ್ಲ. ಪಟ್ಟಣದಲ್ಲಿದ್ದ ಮಗಳ ಉಸಿರು ಇಲ್ಲಿಯ ಒಂದೊಂದು ಹೊಟ್ಟೆಗೂ ಕಟ್ಟಿತ್ತು. ಬಾತುಕೋಳಿಗೆ ಉಪ್ಪು ಹಾಕುವಾಗ ಒಂದು ಚಿಟಿಕೆ ಜಾಸ್ತಿ ತೆಗೆದುಕೊಂಡಳು. ಕಮ್ಮಿಯೆಂದು ಹೇಳಿದವಳು ತಿನ್ನಲು ಇರಲಿಲ್ಲ.

ಊಟದ ಕೋಣೆಯ ಆಳು ಪಾತ್ರೆಗಳನ್ನೆಲ್ಲ ಸಾಗಿಸಿ ಆಯಿತು. ಉಳಿದದ್ದು ಸಾರಿನ ದೊಡ್ಡ ಬೋಗುಣಿ. ಅದನ್ನು ತಂದು, ಎಲ್ಲರೆದುರು ಎಲ್ಲದರಿಂದಲೂ ಒಂದೊಂದು ತುತ್ತು ತಿಂದು ತೋರಿಸಬೇಕಾದವಳು ಲುಕೇನಿ. ಅವಳು ಕೈ ಒರೆಸಿಕೊಂಡಳು. ಮೊಳೆಯಿಂದ ಕುಕ್ಕೆಯನ್ನು ತೆಗೆದಳು. ತುಕ್ಕು ಹಿಡಿದಿತ್ತು. ಸೆರಗಿನಂತೆ ಹೆಗಲಿಗಿದ್ದ ಬಟ್ಟೆಯಿಂದ ಅದನ್ನು ಪಾತ್ರೆ ಒರೆಸುವ ಹಾಗೆ ಒರೆಸಿದಳು.

ಕುಂಬಜ್ಜಿಯ ಒನಕೆ ನಿಂತಿತು. "ಏನ್ ಮಾಡ್ತಿದೀಯೇ ಹುಚ್ಚಿ? ಮೇಸ್ತ್ರಿ ಸಿಗುದು ಹಾಕ್ತಾನೆ."

"ಹಾಕ್ಲಿ ಅಜ್ಜಿ. ಇವತ್ತು ಇವರ ಅನ್ನ ನನ್ನ ಬಾಯಿಗೆ ಬ್ಯಾಡ. ನನ್ನ ಕೂಸು ಬರಗಂಟ ಬ್ಯಾಡ."

"ಬೇರೆಯೋರ ಕೈಲಿ ತಿನ್ನಿಸ್ತಾರೆ ಕಣೇ."

"ಬೇರೆಯೋರು ತಿಂದ್ರೆ ಇವ್ರು ನಂಬಲ್ಲ. ಪಾದ್ರಿ ಹೇಳಿಕೊಟ್ಟವ್ರಲ್ಲ, ನನ್ನೆದೇಲಿ ಪ್ರೀತಿ ಇರೋದು ಒಬ್ಬಳ ಮ್ಯಾಲೇ ಅಂತ. ಅವಳನ್ನೇ ಕರೆಸ್ಬೇಕು."

"ನೀನೂ ನಿನ್ನ ಗಂಡನ ಹಂಗೇ. ಕುಣಿಯಾಕೆ ನಿಂತೆ."

ಲುಕೇನಿ ಕುಕ್ಕೆಯನ್ನು ಕೈಯಲ್ಲಿ ತಿರುಗಿಸಿದಳು.

"ಅಜ್ಜಿ, ಕುಟ್ಟು," ಎಂದಳು.

ಅದೇ ಅವಳ ಬಾಯಿಂದ ಬಂದ ಕೊನೆಯ ಮಾತು. ತಗಡನ್ನು ತುಟಿಗೆ ಒತ್ತಿ, ತಲೆಯ ಹಿಂದೆ ಬೀಗ ಹಾಕಿದಳು. ಅಳತೆ ಕೊಟ್ಟು ಮಾಡಿಸಿದ್ದು, ಸರಿಯಾಗಿ ಕೂತಿತು. ಕೀಲಿಯನ್ನು ಬಾವಿಗೆ ಎಸೆದಳು. ಸದ್ದು ತಡವಾಗಿ ಬಂತು, ಬಾವಿ ಆಳವಾಗಿತ್ತು.

ಕುಂಬಜ್ಜಿ ಕುಟ್ಟಿದಳು. ಡೋಲಿಗೆ ಅಪ್ಪಣೆಯಿರಲಿಲ್ಲ, ಒನಕೆಗೆ ಅಡ್ಡಿಯಿರಲಿಲ್ಲ. ಲುಕೇನಿ ಬೋಗುಣಿಯನ್ನು ಎತ್ತಿಕೊಂಡು ಅಂಗಳಕ್ಕಿಳಿದಳು. ಸಾರು ತುಳುಕದ ಹಾಗೆ ಹೆಜ್ಜೆ ಇಡಬೇಕು. ಅವಳ ಕಾಲು ತಾನಾಗಿಯೇ ಎಡಕ್ಕೊಮ್ಮೆ ಸರಿಯಿತು, ಬಲಕ್ಕೊಮ್ಮೆ ಬಾಗಿತು. ಅಪ್ಪ ಇಟ್ಟ ಹೆಜ್ಜೆ, ಮಟೇಯು ಇಟ್ಟ ಹೆಜ್ಜೆ. ನಡು ಅಂಗಳದಲ್ಲಿ ಅವಳಿಗೆ ತಿಳಿಯಿತು: ಅವರು ಗೆದ್ದೆವೆಂದು ಕುಣಿದದ್ದಲ್ಲ. ಇನ್ನು ಹಿಂದಕ್ಕೆ ಹೋಗುವ ಹಾದಿಯಿಲ್ಲ ಎಂಬುದನ್ನು ಕಾಲಿಗೆ ಹೇಳಿಕೊಟ್ಟದ್ದು. ವರ್ಷದ ಸಿಟ್ಟು ಅಲ್ಲೇ ಇಳಿಯಿತು. ಸಾರು ಮಾತ್ರ ಒಂದು ಹನಿಯೂ ಚೆಲ್ಲಲಿಲ್ಲ.

ಒಳಗೆ ಪಾದ್ರಿಗಳು ಪ್ರಾರ್ಥನೆ ಮುಗಿಸುತ್ತಿದ್ದರು. ದುಷ್ಟರ ಕೈಯಿಂದ ನಮ್ಮನ್ನು ಕಾಪಾಡಿದ ದೇವರೇ, ಈ ಅನ್ನಕ್ಕಾಗಿ ವಂದನೆ. ಪ್ರಾರ್ಥನೆಯ ಹೊತ್ತಿನಲ್ಲಿ ಉಳಿದವರೆಲ್ಲ ಕಣ್ಣು ಮುಚ್ಚಿರುತ್ತಾರೆ ಎಂಬುದು ಪಾದ್ರಿಗಳಿಗೆ ಬಹುಕಾಲದ ಅನುಭವ. ವಂದನೆಗೂ ಆಮೆನ್‌ಗೂ ನಡುವೆ ಅವರು ಬಾತುಕೋಳಿಯ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರು. ಉಪ್ಪು ಹದವಾಗಿತ್ತು.

ಎಲ್ಲರೂ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಲುಕೇನಿ ನಿಂತಿದ್ದಳು.

ಅವಳು ಬೋಗುಣಿಯನ್ನು ಮೇಜಿನ ನಡುವೆ ಇಟ್ಟಳು. ಸೌಟನ್ನು ಅದರ ಪಕ್ಕದಲ್ಲಿಟ್ಟಳು. ತಗ್ಗಿ ನಮಸ್ಕರಿಸಿ ಹಿಂದೆ ಸರಿದಳು. ಎಂದಿನ ಮರ್ಯಾದೆಯಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ.

"ಏನೇ ಇದು?" ಅಮ್ಮಾವ್ರ ಧ್ವನಿ ಕೀರಲಾಯಿತು. "ತೆಗಿಯೇ ಅದನ್ನ! ಕೀಲಿ ಎಲ್ಲಿ?"

ಲುಕೇನಿ ಕಿಟಕಿಯಾಚೆಯ ಬಾವಿಯ ಕಡೆಗೆ ಬೆರಳು ತೋರಿಸಿದಳು.

"ಬೇರೆ ಯಾರ್ನಾದ್ರೂ ಕರೀರಿ ತಿನ್ನೋಕೆ," ಎಂದು ದಣಿ ಎದ್ದು ಕೂಗಿದರು.

"ಯಾರು ತಿಂದ್ರೂ ನಾನು ಮುಟ್ಟಲ್ಲ ಎಲ್ಡ್ರಿಜ್," ಎಂದರು ನೆರೆಯ ಗದ್ದೆಯ ಮುದಿ ದಣಿ, ತಟ್ಟೆಯನ್ನು ದೂರ ತಳ್ಳಿ. "ಬೇಯಿಸಿದೋಳೇ ತಿನ್ನಲ್ಲ ಅಂತ ಬಾಯಿಗೆ ಬೀಗ ಹಾಕ್ಕೊಂಡು ಬಂದವ್ಳೆ. ಅವಳ ಕೂಸು ಎಲ್ಲಿ? ಅದನ್ನ ತರಿಸು, ಆಮೇಲೆ ಊಟದ ಮಾತು."

ಒಂದೊಂದಾಗಿ ತಟ್ಟೆಗಳು ಹಿಂದೆ ಸರಿದವು. ಬಾತುಕೋಳಿಯಿಂದ ಹಬೆ ಏಳುತ್ತಿತ್ತು. ಆಗ ಸುಸಾನಳ ಗಂಡ ಪಾದ್ರಿಗಳ ಕಡೆ ತಿರುಗಿದ.

"ಸ್ವಾಮಿಗಳೇ... ನಿಮ್ಮ ಗಲ್ಲದ ಮೇಲೆ ಅದೇನು?"

ಪಾದ್ರಿಗಳು ಗಲ್ಲ ಮುಟ್ಟಿ ನೋಡಿಕೊಂಡರು. ಬೆರಳಿಗೆ ಜಿಡ್ಡು ಹತ್ತಿತು. ಅವರು ಉಗುಳಬೇಕೆಂದು ಬಾಯಿ ತೆರೆದರು. ಬಾಯಲ್ಲಿ ಏನೂ ಇರಲಿಲ್ಲ. ಆಗಲೇ ಇಳಿದುಹೋಗಿತ್ತು. ಒಂದು ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

"ಡಾರ್ಕಸ್," ಎಂದರು ಅವರು. ಈ ಮನೆಯವರು ಲುಕೇನಿಗೆ ಇಟ್ಟ ಹೆಸರು ಅದು. "ತಾಯಿ... ಡಾರ್ಕಸ್ ತಾಯಿ, ಅದರಲ್ಲಿ ಏನಾದ್ರೂ ಹಾಕಿದೀಯೇನಮ್ಮ?"

ಅವಳನ್ನು ಆ ಮನೆಯಲ್ಲಿ ಯಾರಾದರೂ ತಾಯಿ ಎಂದು ಕರೆದದ್ದು ಅದೇ ಮೊದಲು. ಉತ್ತರ ಹೇಳೋಣವೆಂದರೆ ತುಟಿಗೆ ಅಡ್ಡವಾಗಿ ದಣಿ ಮಾಡಿಸಿದ ತಗಡು ಇತ್ತು.

ಮೇಜಿನ ಸುತ್ತಲಿದ್ದವರೆಲ್ಲ ಪಾದ್ರಿಗಳ ಮುಖವನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸದೆ, ಕೈಕಟ್ಟಿಕೊಂಡು.

ಲುಕೇನಿ ಗೋಡೆಯ ಮೂಲೆಗೆ ಹೋಗಿ, ಅಲ್ಲಿ ಎತ್ತಿಟ್ಟಿದ್ದ ಲೆಂಬಾಳ ಮಣೆಯನ್ನು ತಂದಳು. ದಣಿಯ ಕುರ್ಚಿಯ ಪಕ್ಕದಲ್ಲಿ, ಅದು ಯಾವಾಗಲೂ ಇರುತ್ತಿದ್ದ ಜಾಗದಲ್ಲಿ ಅದನ್ನಿಟ್ಟು, ಮಗುವಿನ ತಲೆ ಬರುತ್ತಿದ್ದಷ್ಟು ಎತ್ತರದಲ್ಲಿ ಗಾಳಿಯನ್ನೊಮ್ಮೆ ಸವರಿದಳು. ಆಮೇಲೆ ಮೇಜಿನ ಮೇಲೆ ಕೈ ಚಾಚಿ ಮರಳಿನ ಗಡಿಯಾರವನ್ನು ತಲೆಕೆಳಗು ಮಾಡಿದಳು.